ಇಂಜಿನ್ ಬಂದ್ ಮಾಡಿದರೆ ಹುಬ್ಬಳ್ಳಿಯಿಂದ ಎಲ್ಲಿವರೆಗೆ? ಗ್ಲೈಡ್ ಲೆಕ್ಕದ ಈವರೆಗಿನ ಕಥೆ

ಫ್ಲೈಟ್‌ಗಿಯರ್ ಅನ್ನುವ ವಿಮಾನ ಸಿಮ್ಯುಲೇಟರ್‌ನಲ್ಲಿ ನಡೆಸುತ್ತಿರುವ ಗ್ಲೈಡ್ ಲೆಕ್ಕ, ಅಂದರೆ ಇಂಜಿನ್ ಇಲ್ಲದೆ ವಿಮಾನ ಎಷ್ಟು ದೂರ ತೇಲುತ್ತದೆ ಅನ್ನುವ ಲೆಕ್ಕ, ಒಂದು ಹಂತಕ್ಕೆ ಬಂದಿದೆ. ನಿಯಮ ಸರಳ. ಗೋಕುಲ ರಸ್ತೆಯ ವಿಮಾನ ನಿಲ್ದಾಣದ ನೆತ್ತಿಯ ಮೇಲೆ, ನೆಲದಿಂದ 5,000 ಅಡಿ ಎತ್ತರ. ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 2,170 ಅಡಿ ಮೇಲಿದೆ. ಹಾಗಾಗಿ ಆಲ್ಟಿಮೀಟರ್ (ಸಮುದ್ರಮಟ್ಟದಿಂದ ಎತ್ತರ ತೋರಿಸುವ ಮಾಪಕ) 7,170 ತೋರಿಸಬೇಕು. ಅಲ್ಲಿ ಇಂಧನ ಬಂದ್, ಫ್ಲಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಇಳಿಸುವ ಪಟ್ಟಿ) ಪೂರ್ತಿ ಒಳಗೆ. ನೆಲ ಸಿಗುವಷ್ಟರಲ್ಲಿ ಎಷ್ಟು ದೂರ ಹೋಯಿತು ಅಂತ ನಕ್ಷೆಯಲ್ಲಿ ಅಳೆಯುತ್ತೇನೆ.

ಮೊದಲ ಸರದಿ ಸೆಸ್ನಾ 172ಪಿಯದು. 65 ನಾಟ್ (ಗಂಟೆಗೆ 65 ನಾಟಿಕಲ್ ಮೈಲಿ, ಒಂದು ನಾಟಿಕಲ್ ಮೈಲಿ ಅಂದರೆ 1.85 ಕಿ.ಮೀ.) ವೇಗ ಹಿಡಿದಿಟ್ಟರೆ ಪ್ರತಿ 1,000 ಅಡಿಗೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ಸಿಗುತ್ತದೆ. ಅಂದರೆ ಒಂದು ಅಡಿ ಇಳಿದರೆ ಒಂಬತ್ತು ಅಡಿ ಮುಂದೆ. 5,000 ಅಡಿಗೆ ಹದಿನಾಲ್ಕು ಕಿ.ಮೀ.ಗೆ ತುಸು ಕಡಿಮೆ. ನಿಲ್ದಾಣದಿಂದ ಧಾರವಾಡಕ್ಕೆ ನೇರ ಗೆರೆ ಎಳೆದರೂ ಹೆಚ್ಚುಕಡಿಮೆ ಅಷ್ಟೇ ದೂರ. ಹಾಗಾದರೆ ಮುಟ್ಟಬಹುದು ಅಲ್ವಾ? ಆಗಲ್ಲ. ಧಾರವಾಡ ಎತ್ತರದಲ್ಲಿದೆ. ನಡುವಿನ ಎಂಬತ್ತು ಮೀಟರ್ ಆಸುಪಾಸಿನ ಏರನ್ನು ಒಂಬತ್ತರಿಂದ ಗುಣಿಸಿ ನೋಡಿ, ಮುಕ್ಕಾಲು ಕಿ.ಮೀ. ಹತ್ತಿರ ಖೋತಾ.

ಉಳಿದ ಸಣ್ಣ ವಿಮಾನಗಳನ್ನೂ ಪಕ್ಕದಲ್ಲಿಟ್ಟು ನೋಡಿದೆ. ಡೈಮಂಡ್ ಡಿಎ20-ಸಿ1ಗೆ ಒಂದಕ್ಕೆ ಹನ್ನೊಂದು, ಸುಮಾರು 17 ಕಿ.ಮೀ. ಇದು ಧಾರವಾಡ ಮುಟ್ಟುತ್ತದೆ. ಸಿರಸ್ ಎಸ್‌ಆರ್22ಗೆ ಒಂಬತ್ತೂವರೆಯ ಆಸುಪಾಸು. ಅದೂ 88 ನಾಟ್ ವೇಗದಲ್ಲಿ, ಹಾಗಾಗಿ ಯೋಚಿಸಲು ಸಿಗುವ ಸಮಯ ಕಡಿಮೆ. ಅದರಲ್ಲಿ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಶೂಟ್ ಇದೆ, ಆ ಮಾತು ಬೇರೆ.

ಇಷ್ಟಕ್ಕೇ "ಯಾವುದು ಚಲೋ ತೇಲುತ್ತದೆ" ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನಗೆ ಕಂಡದ್ದು ಬೇರೆ. ಸಣ್ಣ ವಿಮಾನಗಳ ನಡುವಿನ ಅಂತರವನ್ನು ನಮ್ಮ ಕಡೆಯ ಗಾಳಿ ಸುಲಭವಾಗಿ ನುಂಗಿಬಿಡುತ್ತದೆ.

ಅದೇ 172ಕ್ಕೆ 20 ನಾಟ್ ಎದುರುಗಾಳಿ ಕೊಟ್ಟೆ. ಒಂಬತ್ತು ಇದ್ದದ್ದು ಆರೂವರೆಗೆ ಇಳಿಯಿತು, ದೂರ ಹತ್ತೇ ಕಿ.ಮೀ. ಅಷ್ಟೇ ಗಾಳಿ ಬೆನ್ನಿಗೆ ಬಂದರೆ ಹನ್ನೊಂದೂವರೆ, ಹದಿನೇಳು ಕಿ.ಮೀ. ದಾಟಿತು. ಅಂದರೆ ಸೆಸ್ನಾ ಡೈಮಂಡ್ ಆಯಿತು! ಮಳೆಗಾಲದಲ್ಲಿ ಇಲ್ಲಿ ಪಡುವಣ ಗಾಳಿ ಜೋರು. ಧಾರವಾಡ ನಿಲ್ದಾಣದ ವಾಯವ್ಯಕ್ಕಿದೆ, ಗಾಳಿ ಓರೆಯಾಗಿ ಎದುರು ಬರುತ್ತದೆ. ಆಗ 172 ನವಲೂರಿನ ಆಸುಪಾಸಿನಲ್ಲೇ ನೆಲ ಹುಡುಕಬೇಕು. ಪೇರಲ ತೋಟದಲ್ಲಿ ಇಳಿಯುವುದು ಸಿಮ್ಯುಲೇಟರ್‌ನಲ್ಲಷ್ಟೇ ಮಜಾ.

ಗೆಳೆಯನೊಬ್ಬ ತೂಕದ ವಿಷಯ ಎತ್ತಿದ. "ನಾಲ್ಕು ಮಂದಿ ಕೂತರೆ ಲಗೂ ಬೀಳೂದಿಲ್ಲೇನ್ ದೋಸ್ತ?" ಬೇಗ ಇಳಿಯುವುದು ನಿಜ, ಆದರೆ ದೂರ ಕಡಿಮೆ ಆಗಲ್ಲ. ಭಾರ ಹೆಚ್ಚಿದರೆ ವೇಗವನ್ನೂ ಹೆಚ್ಚಿಸಬೇಕು, ಇಳಿಜಾರಿನ ಕೋನ ಮಾತ್ರ ಅದೇ. 172ಪಿಗೆ 2,400 ಪೌಂಡ್ ತೂಕದಲ್ಲಿ 65 ನಾಟ್ ಸರಿ. 2,000 ಪೌಂಡ್‌ಗೆ ಇಳಿದರೆ 59 ಸಾಕು. ಗ್ಲೈಡರ್ (ಇಂಜಿನ್ ಇಲ್ಲದೆ ತೇಲುವ ವಿಮಾನ) ಸ್ಪರ್ಧೆಗಳಲ್ಲಿ ರೆಕ್ಕೆಯೊಳಗೆ ಬೇಕಂತಲೇ ನೀರು ತುಂಬಿಕೊಂಡು ಹೋಗುವುದು ಇದೇ ಕಾರಣಕ್ಕೆ, ಅಷ್ಟೇ ದೂರವನ್ನು ಹೆಚ್ಚು ವೇಗದಲ್ಲಿ ದಾಟಬಹುದು. ಅವನು ಇನ್ನೂ ಒಪ್ಪಿಲ್ಲ.

ಪ್ರೊಪೆಲ್ಲರ್ ಕಥೆ ಇನ್ನೊಂದು. ಇಂಜಿನ್ ಸತ್ತರೂ ಗಾಳಿಯ ರಭಸಕ್ಕೆ ಅದು ಸುಮ್ನೆ ತಿರುಗುತ್ತಾ ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ. ಪೂರ್ತಿ ನಿಂತರೆ ಎಳೆತ ಕಡಿಮೆ. ಆದರೆ ನಿಲ್ಲಿಸಲು ಮೂಗೆತ್ತಿ ಸ್ಟಾಲ್ (ರೆಕ್ಕೆಗೆ ವಿಮಾನವನ್ನು ಎತ್ತಿ ಹಿಡಿಯಲಾಗದ ಸ್ಥಿತಿ) ಹತ್ತಿರದವರೆಗೆ ವೇಗ ಇಳಿಸಬೇಕು. ಅಷ್ಟರಲ್ಲಿ ಎತ್ತರ ಹೋಗಿರುತ್ತದೆ. 5,000 ಅಡಿಯಿಂದ ಇದು ಲಾಭದ ವ್ಯವಹಾರ ಅಂತ ನನಗೆ ಅನಿಸುವುದಿಲ್ಲ.

ಮುಂದಿನ ಸರದಿ ನಿಜವಾದ ಗ್ಲೈಡರ್‌ನದು. ಎಎಸ್‌ಕೆ 21ಕ್ಕೆ ಒಂದಕ್ಕೆ ಮೂವತ್ನಾಲ್ಕು. ಅದೇ ಎತ್ತರದಿಂದ 50 ಕಿ.ಮೀ.ಗೂ ಜಾಸ್ತಿ. ಅಣ್ಣಿಗೇರಿ ಆರಾಮಾಗಿ ದಾಟುತ್ತದೆ, ಗಾಳಿಯಿಲ್ಲದಿದ್ದರೆ ಗದಗಕ್ಕೆ ಏಳೆಂಟು ಕಿ.ಮೀ. ಕಡಿಮೆ ಬೀಳುತ್ತದೆ. ಪಡುವಣ ಗಾಳಿ ಎಷ್ಟು ನಾಟ್ ಇದ್ದರೆ ಆ ಕೊರತೆ ತುಂಬುತ್ತದೆ ಅನ್ನುವುದನ್ನು ಈ ವಾರ ಹಾರಿಸಿ ನೋಡಬೇಕು.