ಡ್ಯಾಪಲ್‌ಗೆ ಡ್ಯಾಪಲ್ ಬೇಡ, ಕೆಂಪು ಗಂಡಾದರೆ ಟೆಸ್ಟ್ ಮಾಡಿಸಿ

ನಮ್ಮ ಮನೆಯ ಚಿನ್ನು ಡ್ಯಾಪಲ್ ಡ್ಯಾಶ್‌ಹಂಡ್; ಅಂದರೆ ಗಿಡ್ಡ ಕಾಲಿನ ತಳಿಯ, ಮೈಮೇಲೆ ತಿಳಿ-ಗಾಢ ಕಲೆಗಳಿರುವ ನಾಯಿ. ಅವಳ ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಬಿದ್ದಾಗಿನಿಂದ ಗೊತ್ತಿಲ್ಲದ ನಂಬರುಗಳಿಂದ ಕರೆ ಬರುತ್ತಲೇ ಇವೆ. ಮಾತು ಮಾತ್ರ ಒಂದೇ: "ಮೇಡಂ, ನಮ್ಮ ಗಂಡೂ ಡ್ಯಾಪಲ್ಲೇ. ಕ್ರಾಸ್ ಮಾಡಿಸಿದ್ರೆ ಮರಿಗಳೆಲ್ಲ ಡ್ಯಾಪಲ್ ಬರುತ್ವೆ. ರೇಟೂ ಚೆನ್ನಾಗಿ ಸಿಗುತ್ತೆ."

ಎಲ್ಲ ಡ್ಯಾಪಲ್ ಬರುವುದಿಲ್ಲ. ಮೈಸೂರಿನ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು ನಾನು, ಈ ಲೆಕ್ಕವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬಟಾಣಿ ಹೆಸರಲ್ಲಿ ಬರೆಯುತ್ತೇನೆ. ಡ್ಯಾಪಲ್ ಎಂದು ಕರೆಸಿಕೊಳ್ಳುವ ಬಣ್ಣಕ್ಕೆ ಕಾರಣ ಮೆರ್ಲ್ ಎಂಬ ಜೀನ್ ರೂಪ. ಅದರ ಒಂದು ಪ್ರತಿ ಇದ್ದರೆ ಸಾಕು, ನಾಯಿ ಡ್ಯಾಪಲ್. ಒಂದೊಂದು ಪ್ರತಿ ಇರುವ ಗಂಡು ಹೆಣ್ಣು ಸೇರಿದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಸಾದಾ, ಎರಡು ಡ್ಯಾಪಲ್. ಉಳಿದ ಒಂದಕ್ಕೆ ಅಪ್ಪನಿಂದಲೂ ಅಮ್ಮನಿಂದಲೂ ಮೆರ್ಲ್ ಬಂದಿರುತ್ತದೆ. ಅದಕ್ಕೆ ಡಬಲ್ ಡ್ಯಾಪಲ್ ಅನ್ನುತ್ತಾರೆ. ಕೆಲವರು "ಅಪರೂಪದ ಬಿಳಿ" ಅಂತ ಇನ್ನೂ ಹೆಚ್ಚು ದುಡ್ಡಿಗೆ ಮಾರುತ್ತಾರೆ.

ಚಿನ್ನುವಿನ ಮೈ ನೋಡಿದರೆ ಬೂದಿ ಬಳಿದು ಅದರ ಮೇಲೆ ಅಲ್ಲಲ್ಲಿ ಕಾಡಿಗೆ ಒರೆಸಿದ ಹಾಗಿದೆ. ಹುಬ್ಬಿನ ಮೇಲಿನ ಕಂದು ಚುಕ್ಕೆ, ಕಾಲಿನ ಕಂದು ಮಾತ್ರ ಯಾವ ಕಲೆಯೂ ಇಲ್ಲದೆ ಉಳಿದಿವೆ. ನಾಯಿಯ ಕೂದಲಿಗೆ ಬಣ್ಣ ಕೊಡುವುದು ಎರಡೇ ವರ್ಣದ್ರವ್ಯ: ಕಪ್ಪು-ಚಾಕೊಲೇಟ್ ಕಡೆಯದು ಒಂದು, ಕೆಂಪು-ಹಳದಿ ಕಡೆಯದು ಇನ್ನೊಂದು. ಮೆರ್ಲ್ ತಿಳಿಗೊಳಿಸುವುದು ಮೊದಲನೆಯದನ್ನು ಮಾತ್ರ. ಪಿಎಂಇಎಲ್ ಎಂಬ ಜೀನಿನೊಳಗೆ ಹೆಚ್ಚುವರಿ ಡಿಎನ್ಎ ತುಂಡೊಂದು ಬಂದು ಸೇರಿಕೊಂಡಿರುವುದೇ ಇದಕ್ಕೆಲ್ಲ ಕಾರಣ ಅಂತ ಲೀ ಆನ್ ಕ್ಲಾರ್ಕ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು.

ಒಂದು ಪ್ರತಿ ಇದ್ದಾಗ ಸಾಮಾನ್ಯವಾಗಿ ಚೆಂದವಷ್ಟೇ. ಎರಡಾದರೆ ವರ್ಣಕೋಶಗಳೇ ಎಷ್ಟೋ ಕಡೆ ಇರುವುದಿಲ್ಲ. ಈ ಕೋಶಗಳು ಬರೀ ಕೂದಲಿಗೆ ಬಣ್ಣ ಹಚ್ಚಿಕೊಂಡು ಕೂರುವುದಿಲ್ಲ; ಒಳಕಿವಿಯ ದ್ರವದಲ್ಲಿ ಪೊಟ್ಯಾಸಿಯಂ ಮಟ್ಟ ಕಾಯುವ ಪದರಕ್ಕೂ ಅವು ಬೇಕು. ಅವಿಲ್ಲದಿದ್ದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಒಳಕಿವಿಯ ಸಂವೇದನಾ ಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಅಮೆರಿಕದ ಲೂಸಿಯಾನದ ಜಾರ್ಜ್ ಸ್ಟ್ರೇನ್ ತಂಡ ಹಲವು ತಳಿಗಳ 153 ಮೆರ್ಲ್ ನಾಯಿಗಳ ಕಿವಿ ಪರೀಕ್ಷಿಸಿ 2009ರಲ್ಲಿ ವರದಿ ಮಾಡಿತು. ಎರಡು ಪ್ರತಿ ಇದ್ದ ನಾಯಿಗಳಲ್ಲಿ ಶೇ 10ಕ್ಕೆ ಒಂದು ಕಿವಿ, ಶೇ 15ಕ್ಕೆ ಎರಡೂ ಕಿವಿ ಕೇಳುತ್ತಿರಲಿಲ್ಲ. ಕಣ್ಣಿನ ತೊಂದರೆ ಇದರ ಮೇಲೆ ಬೇರೆ.

ಅಂಥ ಮರಿಯೊಂದನ್ನು ಊರ ಹೊರಗಿನ ಒಬ್ಬರ ಮನೆಯಲ್ಲಿ ನೋಡಿದ್ದೇನೆ. ಒಡಹುಟ್ಟಿದ ಮರಿಗಳ ಜೊತೆ ಬುಟ್ಟಿಯಲ್ಲಿ ಮಲಗಿತ್ತು. ಹಿಂದಿನಿಂದ ಸ್ಟೀಲ್ ತಟ್ಟೆ ಬಡಿದೆ. ಉಳಿದವೆಲ್ಲ ಬೆಚ್ಚಿ ಎದ್ದು ಕುಂಯ್‌ಗುಟ್ಟಿದವು. ಬಿಳಿಯದು ಮಿಸುಕಲಿಲ್ಲ. ಪಕ್ಕದ ಮರಿ ಹೊರಳಿ ಅದರ ಹೊಟ್ಟೆ ತುಳಿದ ಮೇಲೆ ತಲೆ ಎತ್ತಿತು. ಎಡಗಣ್ಣು ಹುಣಸೆ ಬೀಜಕ್ಕಿಂತ ಚಿಕ್ಕದು, ಅರ್ಧಕ್ಕೆ ಒಳರೆಪ್ಪೆ ಮುಚ್ಚಿತ್ತು. "ದೊಡ್ಡದಾಗ್ತಾ ಸರಿ ಹೋಗುತ್ತೆ ಬಿಡಿ" ಅಂದರು ಮನೆಯವರು. ಸರಿ ಹೋಗುವಂಥದ್ದಲ್ಲ ಅದು. ತಳಿ ನಾಯಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಸಂಸ್ಥೆ ಕೆನಲ್ ಕ್ಲಬ್ 2013ರ ಜನವರಿಯಿಂದ ಯಾವ ತಳಿಯಲ್ಲೇ ಆಗಲಿ ಮೆರ್ಲ್‌ಗೆ ಮೆರ್ಲ್ ಸೇರಿಸಿ ಪಡೆದ ಮರಿಗಳನ್ನು ನೋಂದಾಯಿಸುತ್ತಿಲ್ಲ.

ಇಷ್ಟು ತಿಳಿದವರೂ ಬೀಳುವ ಗುಂಡಿ ಇನ್ನೊಂದಿದೆ. ಕೆಂಪು ಕೂದಲಿನ ಮೇಲೆ ಮೆರ್ಲ್‌ಗೆ ಕೆಲಸವಿಲ್ಲ ಅಂದೆನಲ್ಲ? ಹಾಗಾಗಿ ಕೆಂಪು ಅಥವಾ ಕ್ರೀಮ್ ನಾಯಿಯ ಮೈಯಲ್ಲಿ ಅದು ಕಣ್ಣಿಗೆ ಕಾಣದೆಯೇ ಇರಬಹುದು. ಚಿನ್ನುವಿಗೆ ಗಂಡು ಹುಡುಕುವಾಗ ಬೆಂಗಳೂರಿನವರೊಬ್ಬರ ಕೆಂಪು ಗಂಡು ತುಂಬ ಹಿಡಿಸಿತ್ತು: ಒಳ್ಳೆ ಸ್ವಭಾವ, ತಳಿಯ ಪೇಪರ್ರೂ ಇತ್ತು. "ಡ್ಯಾಪಲ್ ಅಲ್ವೇ ಅಲ್ಲ ಮೇಡಂ, ಪಕ್ಕಾ ರೆಡ್" ಅಂದರು. ಮರಿಯಾಗಿದ್ದಾಗಿನ ಫೋಟೊ ಕಳಿಸಿ ಅಂದೆ. ಕಿವಿಯ ತುದಿಯ ಕಪ್ಪು ಕೂದಲು ಒಂದು ಕಡೆ ಮಾತ್ರ ಬೂದು. ಹತ್ತಿರ ಎಳೆದು ನೋಡಿದರೆ ಬಲಗಣ್ಣಿನ ಮೂಲೆಯಲ್ಲಿ ನೀಲಿ ಚೂರು. ಕೆನ್ನೆಯ ಒಳಗೆ ಸ್ವ್ಯಾಬ್ ಉಜ್ಜಿ ಡಿಎನ್ಎ ಟೆಸ್ಟ್‌ಗೆ ಕಳಿಸೋಣ, ಖರ್ಚು ನನ್ನದೇ ಅಂದೆ. ಒಂದು ಪ್ರತಿ ಇದೆ ಅಂತ ಬಂತು. ಆ ಸಂಬಂಧ ಅಲ್ಲಿಗೇ ಮುಗಿಯಿತು. ಅವರಿಗೆ ಬೇಜಾರೇ ಆಯಿತು, ನಿಜ. ಆದರೆ ಈಗ ಅವರೇ ಡ್ಯಾಪಲ್ ಹೆಣ್ಣು ತಂದವರನ್ನು ವಾಪಸ್ ಕಳಿಸುತ್ತಾರಂತೆ.

"ಬ್ಲೂ" ಡ್ಯಾಶ್‌ಹಂಡ್ ಬಗ್ಗೆಯೂ ಕೇಳುತ್ತಾರೆ. ಅದು ಬೇರೆ ಜೀನ್, ಎಂಎಲ್‌ಪಿಎಚ್; ಅದರ ಬದಲಾದ ರೂಪ ಅಪ್ಪ ಅಮ್ಮ ಎರಡೂ ಕಡೆಯಿಂದ ಬಂದರೆ ಕಪ್ಪು ತೆಳುವಾಗಿ ನೀಲಿ-ಬೂದು ಆಗುತ್ತದೆ. ಮರಿಯಾಗಿದ್ದಾಗ ಮಖಮಲ್ಲಿನ ಮೈ. ಆಮೇಲೆ ಅಂಥ ಕೆಲವು ನಾಯಿಗಳ ಬೆನ್ನಿನ ಕೂದಲು ಉದುರಿ, ಚರ್ಮ ಒಣಗಿ, ಸೋಂಕು ಶುರು. ನಾನಂತೂ ಅದರ ಗೋಜಿಗೆ ಹೋಗುವುದಿಲ್ಲ.

ನಿಜ ಹೇಳಬೇಕೆಂದರೆ ಬಣ್ಣ ನನ್ನ ಪಟ್ಟಿಯಲ್ಲಿ ಕೊನೆಯದು. ಡ್ಯಾಶ್‌ಹಂಡ್ ಸಾಕುವವರಿಗೆ ನಿದ್ದೆಗೆಡಿಸುವುದು ಬೆನ್ನು. ಕಾಲು ಗಿಡ್ಡ ಮಾಡುವ ಎಫ್‌ಜಿಎಫ್4 ಜೀನಿನ ಹೆಚ್ಚುವರಿ ಪ್ರತಿಗಳಲ್ಲಿ ಒಂದು ಬೆನ್ನಿನ ಡಿಸ್ಕುಗಳನ್ನೂ, ಅಂದರೆ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಗಳನ್ನೂ, ಬೇಗ ಗಟ್ಟಿಯಾಗಿಸುತ್ತದೆ. ಡಿಸ್ಕ್ ಜಾರಿದರೆ ಹಿಂಗಾಲು ಬಿದ್ದು ಹೋಗಬಹುದು. ಡೆನ್ಮಾರ್ಕ್, ಫಿನ್ಲೆಂಡ್, ನಾರ್ವೆಗಳಲ್ಲಿ ಮರಿ ಮಾಡಿಸುವ ಮೊದಲು, ಎರಡರಿಂದ ನಾಲ್ಕು ವರ್ಷದೊಳಗೆ ಬೆನ್ನಿನ ಎಕ್ಸ್‌ರೇ ತೆಗೆಸಿ ಗಟ್ಟಿಯಾದ ಡಿಸ್ಕು ಎಣಿಸುವ ಪದ್ಧತಿ ಇದೆ. ಚಿನ್ನುವಿಗೂ ಎರಡು ತುಂಬಿದ ಮೇಲೆ ಎಕ್ಸ್‌ರೇ ಮಾಡಿಸಿದೆ. ನಮ್ಮ ಡಾಕ್ಟರು ಮೊದಲು ನಕ್ಕರು, ಆಮೇಲೆ ಫಿಲ್ಮನ್ನು ದೀಪಕ್ಕೆ ಹಿಡಿದು ಒಂದೊಂದೇ ಮಣಿ ಎಣಿಸಿದರು. ನಮ್ಮಲ್ಲಿ 2017ರ ಕೇಂದ್ರದ ನಿಯಮಗಳು ಹೆಣ್ಣಿಗೆ ಹದಿನೆಂಟು ತಿಂಗಳು ತುಂಬುವ ಮೊದಲು ಕ್ರಾಸ್ ಕೂಡದು, ಎಂಟು ವಾರದೊಳಗಿನ ಮರಿ ಮಾರಕೂಡದು ಅನ್ನುತ್ತವೆ. ಒಂದೂವರೆ ತಿಂಗಳ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಬಸ್ಸಿಗೆ ಹಾಕಿ ಕಳಿಸುವವರಿಗೆ ಇದು ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ.

ಕೊನೆಗೆ ಚಿನ್ನುವನ್ನು ಕೊಟ್ಟಿದ್ದು ಬೆನ್ನು ಚೆನ್ನಾಗಿದ್ದ, ಟೆಸ್ಟಿನಲ್ಲಿ ಮೆರ್ಲ್ ಇಲ್ಲದ ಬ್ಲ್ಯಾಕ್ ಅಂಡ್ ಟ್ಯಾನ್ ಗಂಡಿಗೆ. ಐದು ಮರಿ ಹಾಕಿದಳು: ಎರಡು ಡ್ಯಾಪಲ್, ಮೂರು ಅಪ್ಪನ ಬಣ್ಣ. ಐದಕ್ಕೂ ಒಂದೇ ಬೆಲೆ ಇಟ್ಟಿದ್ದೇನೆ. ನಿನ್ನೆ ಹಾಸನದಿಂದ ದಂಪತಿ ಬಂದು ಕಪ್ಪು ಹೆಣ್ಣುಮರಿಯನ್ನು ಮಡಿಲಿಂದ ಇಳಿಸಲೇ ಇಲ್ಲ. ಆದರೂ ಆಯಮ್ಮ ಕೇಳಿಯೇಬಿಟ್ಟರು: "ಇದು ಸಾದಾ ಅಲ್ವಾ, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ." ಕಮ್ಮಿ ಮಾಡಲಿಲ್ಲ. ಕಾಫಿ ಕೊಟ್ಟು ಚಿನ್ನುವಿನ ಎಕ್ಸ್‌ರೇ ತೋರಿಸಿದೆ. ಭಾನುವಾರ ಮರಿ ತಗೊಂಡು ಹೋಗಲು ಬರುತ್ತಾರೆ. ಡ್ಯಾಪಲ್ ಗಂಡು ಒಂದು ಇನ್ನೂ ಇದೆ. ಬೇಕಾದವರು ಮೊದಲು ಹೇಳಬೇಕಾದ್ದು ಇಷ್ಟೇ: ಮನೆಯಲ್ಲಿ ಮೆಟ್ಟಿಲು ಎಷ್ಟಿವೆ, ಹಗಲು ಯಾರಿರುತ್ತಾರೆ.