ಇಲ್ಲಿ ಕಕ್ಕಡದ ಮಳೆ, ಚಳ್ಳಕೆರೆಯಲ್ಲಿ ಬಿಸಿಲು

ಇದು ಕಕ್ಕಡ, ಕೊಡವರ ಮಳೆಗಾಲದ ತಿಂಗಳು. ಮಡಿಕೇರಿಯಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ, ಬಟ್ಟೆಯೆಲ್ಲ ಒಲೆ ಪಕ್ಕ ಒಣಗಿಸುತ್ತಿದ್ದೇವೆ. ಬೆಳಿಗ್ಗೆ ಚಳ್ಳಕೆರೆಯಿಂದ ಅಕ್ಕ ಫೋನ್ ಮಾಡಿ, "ಇಲ್ಲಿ ಬರೀ ಗಾಳಿ ಕಣೋ, ಮೋಡ ಬರುತ್ತೆ, ಸುಮ್ನೆ ಹೋಗುತ್ತೆ" ಅಂದಳು. ಶೇಂಗಾ ಬಿತ್ತಬೇಕು, ನೆಲ ಹದವಾಗಿಲ್ಲ. ಸಂಕಟವಾಯಿತು.

ಪಡುವಣದಿಂದ ಬರುವ ಮೋಡ ನಮ್ಮ ಘಟ್ಟ ಹತ್ತುವಾಗಲೇ ತಣ್ಣಗಾಗಿ ಸುರಿದುಬಿಡುತ್ತದೆ, ಆಚೆ ಇಳಿಯುವ ಗಾಳಿ ಒಣಗಿ ಬಿಸಿಯಾಗುತ್ತದೆ, ಹಾಗಾಗಿ ಚಳ್ಳಕೆರೆ ಮಳೆ ನೆರಳಿನ ಊರು. ಕೊಡಗಿನೊಳಗೇ ನೋಡಿ, ಘಟ್ಟದ ಮಡಿಲಿನ ಭಾಗಮಂಡಲಕ್ಕೂ ಮೂಡಣದ ಕುಶಾಲನಗರಕ್ಕೂ ಮಳೆಯಲ್ಲಿ ಎಷ್ಟು ವ್ಯತ್ಯಾಸ ಅಲ್ವಾ!

ಚಳ್ಳಕೆರೆಗೆ ಜಾಸ್ತಿ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಬಿಸಿಲು, ಗಾಳಿ, ಮಧ್ಯೆ ಒಂದೆರಡು ಹದ ಮಳೆ ಬಂದರೆ ಪುಣ್ಯ. ಭಾವನಿಗೆ ಹೇಳಿದೆ, ಮೊದಲ ಹನಿಗೇ ಬೀಜ ಹಾಕಬೇಡಿ, ನೆಲ ಒಂದು ಗೇಣಾದರೂ ನೆನೆಯಲಿ.