ಬೆಚ್ಚಗಿನ ಮೈ, ತಣ್ಣನೆಯ ಮೈ: ಪುಷ್ ಅಪ್ ಲೆಕ್ಕ, ನಾಲ್ಕನೇ ವಾರ

ನಾಲ್ಕು ವಾರ, ಎಂಟು ಪರೀಕ್ಷೆ ಮುಗಿದವು. ವಾರ್ಮ್ ಅಪ್ ಮಾಡಿದರೆ ಪುಷ್ ಅಪ್ ನಿಜಕ್ಕೂ ಜಾಸ್ತಿ ಬರುತ್ತಾ ಅಂತ ನನ್ನ ಮೇಲೇ ನೋಡಿಕೊಳ್ಳುತ್ತಿದ್ದೇನೆ. ಮಂಗಳವಾರ, ಶನಿವಾರ, ಬೆಳಿಗ್ಗೆ 6ಕ್ಕೆ, ಮೈಸೂರಿನ ನಮ್ಮ ಮನೆ ತಾರಸಿಯಲ್ಲಿ. ಫೋನಿನ ಮೆಟ್ರೊನೋಮ್ ನಿಮಿಷಕ್ಕೆ 40 ಸಲ ಟಿಕ್ ಅನ್ನುತ್ತದೆ. ಒಂದಕ್ಕೆ ಕೆಳಗೆ, ಇನ್ನೊಂದಕ್ಕೆ ಮೇಲೆ. ತಾಳ ತಪ್ಪಿದರೆ ಮುಗೀತು.

ಎದೆಯ ಕೆಳಗೆ ಮಡಚಿದ ಟವೆಲ್ ಇರುತ್ತದೆ. ಎಣಿಸುವುದು ಮಗಳು. ಕರುಣೆ ಅನ್ನೋದೇ ಇಲ್ಲ. "ಅಪ್ಪಾ, ಟವೆಲ್ ತಾಗ್ಲಿಲ್ಲ, ಇದು ಲೆಕ್ಕಕ್ಕಿಲ್ಲ!"

ಎದ್ದು ಮುಖ ತೊಳೆದು ಸೀದಾ ಶುರು ಮಾಡಿದ ದಿನ 27. ಹತ್ತು ನಿಮಿಷ ಹಗ್ಗ ಹಾರಿ, ತೋಳು ತಿರುಗಿಸಿ, ಐದು ಪುಷ್ ಅಪ್ ಹೊಡೆದು, ಎರಡು ನಿಮಿಷ ಸುಮ್ನೆ ನಿಂತು ಶುರು ಮಾಡಿದಾಗ 31, ಮತ್ತೊಮ್ಮೆ 30. ವ್ಯತ್ಯಾಸ ಗೊತ್ತಾಗುವುದು ಕೊನೆಯಲ್ಲಲ್ಲ, ನಡುವೆ. ತಣ್ಣನೆ ದಿನ 15ಕ್ಕೇ ತೋಳಿನ ಹಿಂಭಾಗ ಉರಿಯುತ್ತದೆ, ಬಿಸಿಯಾದ ದಿನ 21ರವರೆಗೂ ಆರಾಮ. ಸ್ನಾಯು ಬಿಸಿಯಾದರೆ ರಕ್ತ ಚೆನ್ನಾಗಿ ಹರಿಯುತ್ತದೆ, ಹಿಮೋಗ್ಲೋಬಿನ್ ಕೂಡ ಆಮ್ಲಜನಕವನ್ನು ಬೇಗ ಬಿಟ್ಟುಕೊಡುತ್ತದೆ. ತಣ್ಣಗಿದ್ದಾಗ ಶುರುವಿನಲ್ಲೇ ಆಮ್ಲಜನಕ ಸಾಲದೆ ಬೀಳುತ್ತದೆ. ಅದರ ಬಾಕಿ ಆಮೇಲೆ ತೋಳೇ ತೀರಿಸಬೇಕು.

ಮೂರನೇ ವಾರ ಆಸೆ ಜಾಸ್ತಿಯಾಯಿತು. 25 ನಿಮಿಷ ವಾರ್ಮ್ ಅಪ್, ಅದರಲ್ಲೇ 30 ಪುಷ್ ಅಪ್. ಪರೀಕ್ಷೆಯಲ್ಲಿ ಬಂದಿದ್ದು 24! ಬಿಸಿಯಾಗುವ ಬದಲು ಸುಸ್ತಾಗಿದ್ದೆ, ಅಷ್ಟೇ. ಬಾಗಿಲ ಚೌಕಟ್ಟು ಹಿಡಿದು ಎದೆಯನ್ನು ಒಂದೊಂದು ಕಡೆ 90 ಸೆಕೆಂಡ್ ಎಳೆದ ಎರಡು ದಿನ 26, 26. ಒಂದೇ ಸ್ನಾಯುವನ್ನು 60 ಸೆಕೆಂಡಿಗಿಂತ ಜಾಸ್ತಿ ಹೊತ್ತು ಎಳೆದು ಹಿಡಿದರೆ ಬಲ ಸ್ವಲ್ಪ ಇಳಿಯುತ್ತದೆ ಎಂದು ಓದಿದ್ದೆ. ನನ್ನ ಪಾಲಿಗೂ ಹಾಗೇ ಆಯ್ತು.

ಇನ್ನೊಂದು ದಿನ ವಾರ್ಮ್ ಅಪ್ ಆದ ಕೂಡಲೇ ಆಫೀಸಿನ ಫೋನು. ಇಪ್ಪತ್ತು ನಿಮಿಷ ಮಾತು, ಬೆವರು ಆರಿ ಮೈ ತಣ್ಣಗಾಯ್ತು. 28. ಗರಡಿಯಲ್ಲಿ ಮಣ್ಣು ಅಗೆದು ಹದ ಮಾಡಿ, ಅಲ್ಲೇ ಕುಸ್ತಿಗೆ ಇಳಿಯುವವರ ಜೇಬಿನಲ್ಲಿ ಫೋನಿಲ್ಲ ನೋಡಿ.

ನಾಲ್ಕು ವಾರದಲ್ಲಿ ಅಭ್ಯಾಸದಿಂದಲೇ ಬಲ ಬಂದಿರಬಹುದು ಅಲ್ವಾ? ಅದಕ್ಕೇ ಕೊನೆಯ ಶನಿವಾರ ಮತ್ತೆ ತಣ್ಣಗೆ ಹೊಡೆದೆ: 28. ಒಂದೇ ಜಾಸ್ತಿ. ಆದರೆ ಇವತ್ತು ಯಾವ ಬಗೆ ಎನ್ನುವುದು ನನಗೆ ಹಿಂದಿನ ರಾತ್ರಿಯೇ ಗೊತ್ತಿರುತ್ತದೆ. ಅದೊಂದು ಮೋಸವೇ.

ಮುಂದಿನ ವಾರದಿಂದ ಬಸ್ಕಿ. ಯಾವ ದಿನ ಏನು ಅಂತ ಬೆಳಿಗ್ಗೆಯೇ ಮಗಳು ಚೀಟಿ ಎತ್ತಿ ಹೇಳುತ್ತಾಳೆ. ಲೆಕ್ಕದ ಪುಸ್ತಕವೂ ಅವಳ ಬ್ಯಾಗಿನಲ್ಲೇ. ತಿಂಗಳು ಮುಗಿಯುವ ತನಕ ತೋರಿಸುವುದಿಲ್ಲವಂತೆ.